ಎದುರು ಬೆಳಕಿನ ಊರಿನಲ್ಲಿ ಎಷ್ಟು ಗಾಜು ಹೊರಬೇಕು?

ಕರಾವಳಿಯಲ್ಲಿ ಸಂಜೆ ನಾಲ್ಕರ ಮೇಲೆ ಚಂದ ಕಾಣುವುದೆಲ್ಲ ಬಿಸಿಲಿನ ಎದುರಿಗೇ ಇರುತ್ತದೆ. ನಮ್ಮ ಸಮುದ್ರ ಪಡುವಣಕ್ಕೆ. ಮಲ್ಪೆಯ ದಂಡೆಯಲ್ಲಿ ನಿಂತವರು, ಕಾಪುವಿನ ಲೈಟ್‌ಹೌಸಿನ ಬಂಡೆ ಹತ್ತುವವರು, ಸುಲ್ತಾನ್ ಬತ್ತೇರಿಯಲ್ಲಿ ತಣ್ಣೀರುಬಾವಿಯ ದೋಣಿಗೆ ಕಾಯುವವರು, ಎಲ್ಲರ ಮುಖವೂ ನೀರಿನ ಕಡೆಗೆ, ಅಂದರೆ ಸೂರ್ಯನ ಕಡೆಗೆ. ಅವರ ಹಿಂದೆ ಕ್ಯಾಮೆರಾ ಹಿಡಿದು ನಡೆಯುವವನ ಲೆನ್ಸೂ ಅದೇ ದಿಕ್ಕಿಗೆ ತೆರೆದಿರುತ್ತದೆ. ಮಳೆಗಾಲದಲ್ಲಿ ಆಕಾಶ ಕಪ್ಪಾಗಿದ್ದರೂ ಒದ್ದೆ ಡಾಂಬರು, ಒದ್ದೆ ಅಂಗಳ, ನೀರು ನಿಂತ ಗದ್ದೆ ಕೆಳಗಿನಿಂದ ಹೊಳೆಯುತ್ತವೆ. ರಾತ್ರಿ ಉಡುಪಿಯ ರಥಬೀದಿಗೆ ಹೋದರೆ ದೀಪದ ಸಾಲು ಫ್ರೇಮಿನ ಒಳಗೇ ಬಂದು ಕೂರುತ್ತದೆ.

ಇದನ್ನು ಮೊದಲೇ ಹೇಳಲಿಕ್ಕೆ ಕಾರಣ ಉಂಟು. ತಿರುಗಾಡುತ್ತ ಫೋಟೋ ತೆಗೆಯುವುದಕ್ಕೆ ಚಿಕ್ಕ ಲೆನ್ಸ್ ಒಳ್ಳೆಯದೋ ದೊಡ್ಡದು ಒಳ್ಳೆಯದೋ ಎಂಬ ಮಾತು ಎಲ್ಲಿ ಬಂದರೂ ಚರ್ಚೆ ಶಾರ್ಪ್‌ನೆಸ್ಸಿನಲ್ಲಿ ಶುರುವಾಗಿ ಶಾರ್ಪ್‌ನೆಸ್ಸಿನಲ್ಲೇ ಮುಗಿಯುತ್ತದೆ. ನನ್ನ ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿ ಕೇಳಿದ್ದೂ ಅದನ್ನೇ. "ಮಾವ, 35 ಎಂಎಂ ಒಂದು ತೆಗೊಳ್ಬೇಕು ಅಂತ ಉಂಟು. ಚಿಕ್ಕದ್ದು ತೆಗೊಂಡ್ರೆ ಕ್ವಾಲಿಟಿ ಸಾಲ್ಲಿಕ್ಕಿಲ್ಲ ಅಂತ ಎಲ್ರೂ ಹೇಳ್ತಾರೆ. ಒಂದೇ ಸಲ ದೊಡ್ಡದ್ದೇ ತೆಗೊಳ್ಳುವುದಾ?" ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವನು ರಜೆಗೆ ಬಂದು ಫೋಟೋ ತೆಗೆಯುವುದು ಇಲ್ಲಿಯೇ, ಉಡುಪಿ ಮಂಗಳೂರಿನ ನಡುವೆ. ಇಲ್ಲಿನ ಬೆಳಕಿಗೆ, ಇಲ್ಲಿನ ಮಳೆಗೆ ಹೊಂದುವ ಉತ್ತರ ಬೇರೆಯೇ ಇದೆ ಎಂದು ನನ್ನ ನಂಬಿಕೆ.

ಮೊದಲು ತೂಕದ ಲೆಕ್ಕ. ಸೋನಿಯ ಫುಲ್ ಫ್ರೇಮ್ ಕ್ಯಾಮೆರಾಗೆ (ಬೆಳಕು ಹಿಡಿಯುವ ಸೆನ್ಸಾರ್ ಹಳೆಯ ಫಿಲ್ಮಿನಷ್ಟೇ ದೊಡ್ಡದಿರುವುದು) ಸೋನಿಯೇ ಮಾಡಿದ 35 ಎಂಎಂ ಲೆನ್ಸುಗಳಲ್ಲಿ ಮೂರನ್ನು ನೋಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಜರ್ಮನಿಯ ಝೈಸ್ ಕಂಪನಿಯ ಹೆಸರಿನ ಎಫ್/2.8 ಲೆನ್ಸಿನ ತೂಕ 120 ಗ್ರಾಂ, ಉದ್ದ 36.5 ಮಿಲಿಮೀಟರ್. ಎಫ್/1.8ರದ್ದು 280 ಗ್ರಾಂ, 73 ಮಿಲಿಮೀಟರ್. ಜಿ ಮಾಸ್ಟರ್ ಎಂದು ಕರೆಯುವ ಎಫ್/1.4ರದ್ದು 524 ಗ್ರಾಂ, 96 ಮಿಲಿಮೀಟರ್. ಮೂರರ ಫೋಕಲ್ ಲೆಂತ್ 35 ಎಂಎಂ ಆದ್ದರಿಂದ ಕಾಣುವ ದೃಶ್ಯದ ಅಗಲ ಒಂದೇ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಕಿಂಡಿಯ, ಅಂದರೆ ಅಪರ್ಚರಿನ, ಅಗಲ ಸಿಗುತ್ತದೆ: 35ನ್ನು 2.8ರಿಂದ ಭಾಗಿಸಿದರೆ 12.5 ಮಿಲಿಮೀಟರ್, 1.4ರಿಂದ ಭಾಗಿಸಿದರೆ 25. ಕಿಂಡಿ ಎರಡು ಪಟ್ಟು, ಬೆಳಕು ನಾಲ್ಕು ಪಟ್ಟು, ತೂಕ ನಾಲ್ಕು ಪಟ್ಟಿಗೂ ಮಿಕ್ಕಿ. ಕ್ಯಾನನ್‌ನ ಆರ್‌ಎಫ್ 50 ಎಂಎಂ ಜೋಡಿಯಲ್ಲಿ ಈ ವ್ಯಾಪಾರ ಇನ್ನೂ ತುಟ್ಟಿ. ಎಫ್/1.8ರದ್ದು 160 ಗ್ರಾಂ, ಎಫ್/1.2ರದ್ದು 950 ಗ್ರಾಂ. ಸಿಗುವ ಬೆಳಕು ಎರಡೂಕಾಲು ಪಟ್ಟು, ಹೊರುವ ಭಾರ ಸುಮಾರು ಆರು ಪಟ್ಟು.

ಇಷ್ಟೊಂದು ಭಾರ ಎಲ್ಲಿಂದ ಬಂತು? ಕಿಂಡಿ ದೊಡ್ಡದಾದಷ್ಟೂ ಗಾಜು ದೊಡ್ಡದಾಗುತ್ತದೆ, ಅದು ಸರಿ. ಆದರೆ ಅಷ್ಟೇ ಅಲ್ಲ. ಗಾಜಿನ ಅಂಚಿನಿಂದ ಹಾದು ಬರುವ ಕಿರಣ ನಡುವಿನಿಂದ ಬಂದ ಕಿರಣದ ಜೊತೆ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದನ್ನು ಸ್ಫೆರಿಕಲ್ ಅಬರೇಷನ್ ಎನ್ನುತ್ತಾರೆ. ಕಿಂಡಿ ಎರಡು ಪಟ್ಟು ಅಗಲವಾದರೆ ಈ ದೋಷದ ಮಸುಕು ಎಂಟು ಪಟ್ಟು ಬೆಳೆಯುತ್ತದೆ. ಅದನ್ನು ತಿದ್ದಲು ಇನ್ನೊಂದು ಗಾಜು, ಆ ಗಾಜು ತಂದ ಬಣ್ಣದ ದೋಷ ತಿದ್ದಲು ಮತ್ತೊಂದು. ಹಾಗಾಗಿ 35ರ ಎಫ್/2.8ರಲ್ಲಿ ಏಳು ಗಾಜುಗಳಿದ್ದರೆ ಎಫ್/1.4ರಲ್ಲಿ ಹದಿನಾಲ್ಕು. ದೊಡ್ಡ ಲೆನ್ಸಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಆ ಅಗಲ ಕಿಂಡಿಯನ್ನು ಪೂರ್ತಿ ತೆರೆದಾಗಲೂ ಚಿತ್ರ ಕೆಡದಂತೆ ನೋಡಿಕೊಳ್ಳುವುದಕ್ಕೆ. ಆ ಕೆಲಸ ಮಾಡಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಪ್ರಶ್ನೆ, ನಡೆಯುವಾಗ ನಾವು ಆ ಕಿಂಡಿಯನ್ನು ಪೂರ್ತಿ ತೆರೆಯುತ್ತೇವೆಯೇ ಎಂಬುದು.

ನನ್ನ ಮಟ್ಟಿಗೆ ಹಗಲಿನಲ್ಲಿ ಇಲ್ಲ. ಮಂಗಳೂರಿನ ಬಂದರು ಪ್ರದೇಶದ ಗಲ್ಲಿಯಲ್ಲಿ ಕೈಗಾಡಿ ಎಳೆಯುವವರು ಒಬ್ಬರು, ಅವರ ಹಿಂದೆ ಗೋದಾಮಿನ ಬಾಗಿಲಲ್ಲಿ ಲೆಕ್ಕ ಬರೆಯುವವರು ಒಬ್ಬರು, ಅದರ ಮೇಲೆ ಹೆಂಚಿನ ಮಾಡು. ಮೂರೂ ಸ್ಪಷ್ಟವಾಗಿದ್ದರೆ ಮಾತ್ರ ಅದು ಬಂದರಿನ ಚಿತ್ರ. 35 ಎಂಎಂ ಲೆನ್ಸಿನಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ ಎಫ್/1.4 ಇಟ್ಟರೆ ಸ್ಪಷ್ಟವಾಗಿ ಸಿಗುವ ಆಳ ಒಂದು ಗೇಣಿಗೆ ಸ್ವಲ್ಪ ಹೆಚ್ಚು, 27 ಸೆಂಟಿಮೀಟರ್. ಎಫ್/8 ಇಟ್ಟು ಐದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಎರಡೂವರೆ ಮೀಟರಿನಿಂದ ಆಚೆ ದಿಗಂತದ ತನಕ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. ಬೀದಿಯ ಚಿತ್ರದಲ್ಲಿ ಬೀದಿ ಇರಬೇಕು ಎಂದು ಬಯಸುವವನು ನಾನು. ಹಿನ್ನೆಲೆಯನ್ನು ಕರಗಿಸಿ ಒಂದು ಮುಖ ಮಾತ್ರ ಉಳಿಸಿದರೆ ಅದು ಮಂಗಳೂರೂ ಆದೀತು, ಮೈಸೂರೂ ಆದೀತು.

ಕಿಂಡಿಯನ್ನು ಎಫ್/5.6ಕ್ಕೋ ಎಫ್/8ಕ್ಕೋ ಇಳಿಸಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ದೋಷಗಳೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಕಿಂಡಿಯನ್ನು ಅರ್ಧ ಮಾಡಿದರೆ ಸ್ಫೆರಿಕಲ್ ಅಬರೇಷನ್ ಎಂಟನೇ ಒಂದಕ್ಕೆ ಇಳಿಯುತ್ತದೆ. ಫ್ರೇಮಿನ ಅಂಚಿನ ದೀಪಗಳಿಗೆ ಬಾಲ ಮೂಡಿಸುವ ಕೋಮಾ ನಾಲ್ಕನೇ ಒಂದಕ್ಕೆ. ಫ್ರೇಮಿನ ಅಂಚಿನ ಕಡೆ ಫೋಕಸ್ ಕೆಡಿಸುವ ಅಸ್ಟಿಗ್ಮ್ಯಾಟಿಸಂ, ಫೀಲ್ಡ್ ಕರ್ವೇಚರ್‌ಗಳ ಮಸುಕು ಬರೀ ಅರ್ಧಕ್ಕೆ. ಗೆರೆ ಬಾಗುವ ಡಿಸ್ಟಾರ್ಷನ್, ಮೂಲೆಯಲ್ಲಿ ಬಣ್ಣದ ಅಂಚು ಮೂಡುವ ದೋಷ ಇಳಿಯುವುದೇ ಇಲ್ಲ. ಆದ್ದರಿಂದ ಚಿಕ್ಕ ಲೆನ್ಸಿನ ನಡುಭಾಗ ಎಫ್/5.6ರಲ್ಲಿ ದೊಡ್ಡದರ ಪಕ್ಕ ಧೈರ್ಯವಾಗಿ ನಿಲ್ಲುತ್ತದೆ, ಮೂಲೆ ಮಾತ್ರ ಹಿಂದೆ ಬೀಳುತ್ತದೆ. ಚಿಕ್ಕದು ತೆಗೆದುಕೊಂಡಾಗ ಕಳೆದುಕೊಳ್ಳುವುದು ಏನನ್ನು ಎಂದು ಯಾರಾದರೂ ಕೇಳಿದರೆ ನನ್ನ ನೇರ ಉತ್ತರ ಇದು: ಮೂಲೆಗಳನ್ನು, ಮತ್ತು ಒಂದೆರಡು ಸ್ಟಾಪ್ ಬೆಳಕನ್ನು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ).

ಮೂಲೆ ಮುಖ್ಯವಾಗುವ ಚಿತ್ರಗಳೂ ನಮ್ಮಲ್ಲಿ ಉಂಟು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳಿಗೆ ಬಂದ ರೂಪವನ್ನು ಎದುರಿನಿಂದ ಚಪ್ಪಟೆಯಾಗಿ ತೆಗೆಯಲು ಹೋಗಿ ನೋಡಿ. ಹೆಂಚಿನ ಸಾಲು ಫ್ರೇಮಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೂ ಒಂದೇ ನೇಯ್ಗೆಯಲ್ಲಿ ಹೋಗುತ್ತದೆ; ನಡುವಿನ ಹೆಂಚು ಚುರುಕಾಗಿ, ಅಂಚಿನದು ಮಂಕಾಗಿ ಬಂದರೆ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಮಾಡಿನ ನೆತ್ತಿಯ ಗೆರೆ ಬಾಗಿದರೂ ತಿಳಿಯುತ್ತದೆ. ಈಗಿನ ಚಿಕ್ಕ ಮಿರರ್‌ಲೆಸ್ ಲೆನ್ಸುಗಳಲ್ಲಿ ಹಲವು ಈ ಬಾಗನ್ನು ಗಾಜಿನಿಂದ ತಿದ್ದದೆ ಸಾಫ್ಟ್‌ವೇರಿಗೆ ಬಿಡುತ್ತವೆ. ಅದು ಮೂಲೆಯನ್ನು ಎಳೆದು ನೇರ ಮಾಡುತ್ತದೆ, ಎಳೆದಲ್ಲಿ ವಿವರ ತೆಳುವಾಗುತ್ತದೆ. ಇದನ್ನು ಮೋಸ ಎನ್ನುವವರ ಜೊತೆ ನಾನಿಲ್ಲ. 120 ಗ್ರಾಮಿನಲ್ಲಿ ಒಂದು ಲೆನ್ಸ್ ಕೊಡಿ ಎಂದರೆ ಎಲ್ಲಿಯೋ ಒಂದು ಕಡೆ ಕೈ ಬಿಗಿ ಹಿಡಿಯಬೇಕಾಗುತ್ತದೆ, ಅವರು ಹಿಡಿದದ್ದು ಸರಿಯಾದ ಜಾಗದಲ್ಲೇ. ನಡೆಯುವವನ ಚಿತ್ರದ ಮೂಲೆಯಲ್ಲಿ ಹೆಚ್ಚಾಗಿ ಇರುವುದು ಆಕಾಶ, ರಸ್ತೆಯ ಅಂಚು, ಒಂದು ತೆಂಗಿನ ಗರಿ.

ಇನ್ನು ಶಾರ್ಪ್‌ನೆಸ್. ಒಂದು ಲೆಕ್ಕ ಮಾಡಿ ನೋಡಿದ ಮೇಲೆ ನನ್ನ ಕಣ್ಣೇ ಬದಲಾಯಿತು. ಸಾಧಾರಣ ವೇಗದಲ್ಲಿ ನಡೆಯುವ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಅವನು ಮೂರು ಮೀಟರ್ ದೂರದಲ್ಲಿ ನಮಗೆ ಅಡ್ಡ ಹಾದುಹೋಗುತ್ತಿದ್ದರೆ, 35 ಎಂಎಂ ಲೆನ್ಸಿನಲ್ಲಿ ಅವನ ಪ್ರತಿಬಿಂಬ ಸೆನ್ಸಾರಿನ ಮೇಲೆ ಸೆಕೆಂಡಿಗೆ ಹದಿನಾರೂವರೆ ಮಿಲಿಮೀಟರಿನಷ್ಟು ಜಾರುತ್ತದೆ. ಶಟರ್ ಸೆಕೆಂಡಿನ 1/125 ಪಾಲು ತೆರೆದಿದ್ದರೆ ಜಾರುವುದು 0.13 ಮಿಲಿಮೀಟರ್, ಅಂದರೆ 130 ಮೈಕ್ರಾನ್‌ನಷ್ಟು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸಾರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 6 ಮೈಕ್ರಾನ್. ಅಂದರೆ ಆ ಮನುಷ್ಯ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ಅಗಲಕ್ಕೆ ಒರೆಸಿ ಹೋದ. 1/500 ಇಟ್ಟರೂ ಐದಾರು ಪಿಕ್ಸೆಲ್. ಎರಡು ಒಳ್ಳೆಯ ಲೆನ್ಸುಗಳ ನಡುವೆ ನಾವು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಹುಡುಕುವ ವ್ಯತ್ಯಾಸ ಒಂದೆರಡು ಪಿಕ್ಸೆಲ್ಲಿನದು. ಬೀದಿಯಲ್ಲಿ ಅದನ್ನು ಮೀನು ಹೊತ್ತು ನಡೆಯುವವರ ಕಾಲೇ ನುಂಗಿಬಿಡುತ್ತದೆ. ಮೇಲಿಂದ ನಮ್ಮ ಕೈ ನಡುಕ, ಫೋಕಸ್ ಕೂದಲೆಳೆ ತಪ್ಪಿದ್ದು, ಆಳ ಹೆಚ್ಚು ಬೇಕೆಂದು ಎಫ್/16ಕ್ಕೆ ಇಳಿಸಿದಾಗ ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್ ಮೂಡಿಸುವ 21 ಮೈಕ್ರಾನ್‌ನ ಚುಕ್ಕೆ. ಟ್ರೈಪಾಡಿನ ಮೇಲೆ ಇಟ್ಟು ಗೋಡೆಯನ್ನು ತೆಗೆದ ಪರೀಕ್ಷೆಯ ಫಲ ಗೋಡೆಗೆ ಸರಿ. ನಡೆಯುವವನಿಗೆ ಬೇಕಾದ್ದು ಚುರುಕಾದ ಆಟೋಫೋಕಸ್ ಮತ್ತು ಸಾಕಷ್ಟು ಶಟರ್ ಸ್ಪೀಡು.

ಪ್ರಿಂಟಿನ ಕಡೆಯಿಂದ ಬಂದರೂ ಇದೇ. 12 ಇಂಚಿಗೆ 18 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ, ಬೇಕಾಗುವುದು 19 ಮೆಗಾಪಿಕ್ಸೆಲ್ಲಿಗೆ ಸ್ವಲ್ಪ ಹೆಚ್ಚು. 4ಕೆ ಟಿವಿಗೆ ಎಂಟು ಚಿಲ್ಲರೆ. ನಾವು ತೆಗೆದದ್ದರಲ್ಲಿ ಪ್ರಿಂಟ್ ಕಾಣುವುದೇ ಕೆಲವು, ಗೋಡೆ ಹತ್ತುವುದು ಇನ್ನೂ ಕೆಲವು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಲೆನ್ಸಿನ ಗುಣದಲ್ಲಿ ಕರಾವಳಿಯವನು ಕೊನೆಯವರೆಗೂ ಬಿಟ್ಟುಕೊಡಬಾರದ್ದು ಒಂದಿದ್ದರೆ ಅದು ಎದುರು ಬೆಳಕನ್ನು ತಾಳುವ ಶಕ್ತಿ. ಎದುರು ಬೆಳಕು ಲೆನ್ಸಿನೊಳಗೆ ಚದುರಿ ಮೂಡುವ ಫ್ಲೇರ್ ಎಂದರೆ ಬಣ್ಣಬಣ್ಣದ ಗುಳ್ಳೆ ಮಾತ್ರ ಎಂದು ತಿಳಿದವರು ಬಹಳ. ಗುಳ್ಳೆ ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾ ಸ್ವಲ್ಪ ತಿರುಗಿಸಿದರೆ ತಪ್ಪಿಸಬಹುದು. ಅದಕ್ಕಿಂತ ಕೆಟ್ಟದ್ದು ಇಡೀ ಚಿತ್ರದ ಮೇಲೆ ಹರಡುವ ಪೊರೆ. ಕಪ್ಪಿಗೆ ಮಜ್ಜಿಗೆ ನೀರು ಬೆರೆಸಿದ ಹಾಗೆ, ದೋಣಿಯ ಹೊಟ್ಟೆಯ ಕತ್ತಲೆ ಬೂದಿಯಾಗುತ್ತದೆ, ಬಲೆ ಹಿಡಿದವರ ಮೈಬಣ್ಣದ ಆಳ ಹೋಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಎಷ್ಟು ಎಳೆದರೂ ಪೊರೆಯಡಿ ಅಳಿಸಿಹೋದ ನೆರಳಿನ ವಿವರ ಪೂರ್ತಿ ವಾಪಸು ಬರುವುದಿಲ್ಲ. ಮೂಲೆಯ ಮಸುಕನ್ನು ನೋಡುವವರು ಯಾರೂ ಗಮನಿಸಲಿಕ್ಕಿಲ್ಲ, ಈ ಪೊರೆಯನ್ನು ಗಮನಿಸದವರಿಲ್ಲ. ಅವರಿಗೆ ಕಾರಣ ಗೊತ್ತಾಗದಿರಬಹುದು, "ಏನೋ ಸಪ್ಪೆ ಉಂಟು" ಎನ್ನುತ್ತಾರೆ.

ಇದರ ಚರಿತ್ರೆ ರೋಚಕವಾಗಿದೆ. ಝೈಸ್‌ನ ಪೌಲ್ ರುಡಾಲ್ಫ್ 1896ರಲ್ಲಿ ಪ್ಲಾನಾರ್ ಎಂಬ ಲೆನ್ಸ್ ರೂಪಿಸಿದ. ಆರು ಗಾಜು, ಕೆಲವನ್ನು ಒಂದಕ್ಕೊಂದು ಅಂಟಿಸಿ ಮಾಡಿದ ನಾಲ್ಕು ಗುಂಪು, ಆಚೀಚೆ ಸಮತೂಕದ ವಿನ್ಯಾಸ. ದೋಷ ತಿದ್ದುವುದರಲ್ಲಿ ಆ ಕಾಲಕ್ಕೆ ಅದ್ಭುತ. ಆದರೆ ಕೋಟಿಂಗ್ ಇಲ್ಲದ ಗಾಜು ಗಾಳಿಗೆ ತಾಗುವ ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಪ್ಲಾನಾರ್‌ನಲ್ಲಿ ಅಂಥ ಮೇಲ್ಮೈ ಎಂಟು. ಬೆಳಕಿನ ಕಾಲು ಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಚದುರಿ, ಅದರಲ್ಲಿ ಒಂದಂಶ ಅಡ್ಡಾದಿಡ್ಡಿ ಸುತ್ತಿ ಚಿತ್ರದ ಮೇಲೆ ಬೀಳುತ್ತಿತ್ತು. ಅದೇ ರುಡಾಲ್ಫ್ 1902ರಲ್ಲಿ ಟೆಸ್ಸಾರ್ ತಂದ: ನಾಲ್ಕೇ ಗಾಜು, ಮೂರು ಗುಂಪು, ಆರು ಮೇಲ್ಮೈ. ಕಾಗದದ ಮೇಲೆ ಸರಳ, ಚಿತ್ರದಲ್ಲಿ ಕಳೆ. ದಶಕಗಳ ಕಾಲ ಲೋಕ ಟೆಸ್ಸಾರನ್ನೇ ಹೊತ್ತು ತಿರುಗಿತು. ಝೈಸ್‌ನಲ್ಲೇ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಗಾಜಿನ ಮೇಲೆ ತೆಳು ಪದರ ಹಚ್ಚುವ ಕೋಟಿಂಗ್ ಕಂಡುಹಿಡಿದ ಮೇಲೆಯೇ ಹೆಚ್ಚು ಗಾಜಿನ ವಿನ್ಯಾಸಗಳಿಗೆ ನಿಜವಾದ ಜೀವ ಬಂತು. ಇವತ್ತಿನ ಸೋನಿ 24-70 ಎಫ್/2.8 ಎರಡನೇ ಆವೃತ್ತಿಯಲ್ಲಿ ಇಪ್ಪತ್ತು ಗಾಜು, ಹದಿನೈದು ಗುಂಪು, ಮೂವತ್ತು ಮೇಲ್ಮೈ. ಕೋಟಿಂಗ್ ಇಲ್ಲದಿದ್ದರೆ ಒಳಬಂದ ಬೆಳಕಿನಲ್ಲಿ ಮೂರನೇ ಒಂದು ಭಾಗವೂ ಆಚೆ ಮುಟ್ಟುತ್ತಿರಲಿಲ್ಲ.

ಹಾಗಾದರೆ ಚಿಕ್ಕದೇ ಮೇಲು ಎನ್ನಲೇ? ಅಷ್ಟು ಸುಲಭವಲ್ಲ. ಗಾಜು ಕಡಿಮೆ ಇದ್ದರೆ ಪ್ರತಿಫಲನದ ದಾರಿ ಕಡಿಮೆ. ಎದುರಿನ ಗಾಜು ಸಣ್ಣದಿದ್ದು ಸ್ವಲ್ಪ ಒಳಗೆ ಕೂತಿದ್ದರೆ ಪಕ್ಕದ ಬಿಸಿಲು ಅದರ ಮೇಲೆ ಬೀಳುವುದೂ ಕಡಿಮೆ. ಆದರೆ ಒಳ್ಳೆಯ ಕೋಟಿಂಗನ್ನು ಕಂಪನಿಗಳು ತಮ್ಮ ದುಬಾರಿ ಲೆನ್ಸುಗಳಿಗೇ ಮೊದಲು ಕೊಡುತ್ತವೆ. ಅಗ್ಗದ ಚಿಕ್ಕ ಲೆನ್ಸು ಸಂಜೆಯ ಬಿಸಿಲಿಗೆ ಮಂಕಾಗುವುದನ್ನೂ, ಭಾರದ್ದೊಂದು ಅದೇ ಬಿಸಿಲಿನಲ್ಲಿ ಕಪ್ಪನ್ನು ಕಪ್ಪಾಗಿಯೇ ಹಿಡಿದಿಡುವುದನ್ನೂ ನಾನು ನೋಡಿದ್ದೇನೆ. ಅದಕ್ಕೇ ಅಕ್ಕನ ಮಗನಿಗೆ ಹೇಳಿದೆ, "ಮಾರಾಯ, ಮೊದಲು ಅಪರ್ಚರ್ ಬಿಡು, ಆಮೇಲೆ ಮೂಲೆ ಬಿಡು. ಎದುರು ಬಿಸಿಲಿಗೆ ನಿಲ್ಲದ ಲೆನ್ಸು ಎಷ್ಟು ಹಗುರ ಇದ್ರೂ ಬೇಡ." ಚಿಕ್ಕ ಲೆನ್ಸುಗಳಲ್ಲೇ ಎದುರು ಬೆಳಕಿಗೆ ಒಳ್ಳೆಯದನ್ನು ಹುಡುಕಬೇಕು. ಇವೆ, ಸಿಗುತ್ತವೆ.

ಲೆನ್ಸಿನ ಮೂತಿಗೆ ನೆರಳು ಕೊಡುವ ಹುಡ್ ಇಲ್ಲದಿದ್ದರೆ ಎಡಗೈಯನ್ನು ಲೆನ್ಸಿನ ಮೇಲೆ ಬಿಸಿಲಿಗೆ ಅಡ್ಡ ಹಿಡಿಯಬಹುದು. ಕ್ಯಾಮೆರಾ ಬಲಗೈಯೊಂದೇ ಹೊರುವಷ್ಟು ಹಗುರವಿದ್ದರೆ ಮಾತ್ರ ಇದು ಸಾಧ್ಯ. ಲೆನ್ಸಿನ ಮುಂದೆ ರಕ್ಷಣೆಗೆಂದು ತಿರುಗಿಸಿ ಹಾಕುವ ಫಿಲ್ಟರ್ ರಾತ್ರಿ ತೆಗೆದಿಡಿ. ಕಾರ್ತಿಕದ ಲಕ್ಷದೀಪೋತ್ಸವದಲ್ಲಿ ಹಣತೆಯ ಸಾಲು ತೆಗೆದು ಮನೆಗೆ ಬಂದು ನೋಡಿದರೆ ಆಕಾಶದಲ್ಲಿ ತಲೆಕೆಳಗಾದ ಇನ್ನೊಂದು ಸಾಲು ದೀಪ ತೇಲುತ್ತಿರುತ್ತದೆ. ಸೆನ್ಸಾರಿನಿಂದ ಚಿಮ್ಮಿದ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ವಾಪಸು ಬಂದದ್ದು ಅದು. ಮೊಬೈಲು ಸಾಲದೇ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಹಗಲಿಗೆ ಧಾರಾಳ ಸಾಕು. ದೀಪದ ಎದುರು ಹಿಡಿದಾಗ ಮೂಡುವ ಹಸಿರು ಚುಕ್ಕಿಗಳನ್ನು ಮಾತ್ರ ನನ್ನಿಂದ ಸಹಿಸಲಿಕ್ಕೆ ಆಗುವುದಿಲ್ಲ.

ಕೈಯ ಮಾತು ಬಂತಲ್ಲ, ಮಳೆಗಾಲಕ್ಕೆ ಬರೋಣ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಊರು ಅತ್ಯಂತ ಚಂದ ಇರುವುದೂ ಆಗಲೇ. ಮಳೆ ಬಿಟ್ಟ ಮೇಲೆ ಹೊರಡುತ್ತೇನೆ ಎನ್ನುವವನಿಗೆ ಇಲ್ಲಿ ವರ್ಷದ ಮೂರನೇ ಒಂದು ಪಾಲು ಚಿತ್ರ ಸಿಗುವುದಿಲ್ಲ. ಮಳೆಯಲ್ಲಿ ಒಂದು ಕೈ ಕೊಡೆಗೆ. ಉಳಿದ ಒಂದು ಕೈಯಲ್ಲಿ ಕ್ಯಾಮೆರಾ ಎತ್ತಬೇಕು, ಫ್ರೇಮ್ ನೋಡಬೇಕು, ಗುಂಡಿ ಒತ್ತಬೇಕು. 120 ಗ್ರಾಮಿನ ಲೆನ್ಸ್ ಇದ್ದರೆ ಭಾರವೆಲ್ಲ ಮುಷ್ಟಿಯ ಒಳಗೇ ಇರುತ್ತದೆ. ಅರ್ಧ ಕಿಲೋದ, ಹತ್ತು ಸೆಂಟಿಮೀಟರ್ ಉದ್ದದ ಲೆನ್ಸು ಮಣಿಕಟ್ಟನ್ನು ಮುಂದಕ್ಕೆ ಬಗ್ಗಿಸುತ್ತದೆ. ಕೊಡೆಯ ಗೆರೆ ದಾಟಿ ಅದರ ಮೂತಿ ಹೊರಗೆ ಬಂದು ಮೊದಲ ಹನಿ ಗಾಜಿನ ಮೇಲೆಯೇ ಬೀಳುತ್ತದೆ. ಗಾಳಿಮಳೆಗೆ ತಡೆಯುವ ಸೀಲಿಂಗ್ ಹೆಚ್ಚಾಗಿ ದೊಡ್ಡ ಲೆನ್ಸುಗಳಲ್ಲಿ ಇರುವುದು ನಿಜ, ಆದರೆ ಈಗ ಚಿಕ್ಕದರಲ್ಲೂ ಬಂದಿದೆ. ಫ್ಯೂಜಿಯ 27 ಎಂಎಂ ಎಫ್/2.8ರ ಹೊಸ ಆವೃತ್ತಿ 84 ಗ್ರಾಂ, ಸೀಲಿಂಗ್ ಸಹಿತ. ಅದು ಎಪಿಎಸ್-ಸಿ ಎಂಬ, ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸಾರಿನದು, ಫುಲ್ ಫ್ರೇಮಿನ 40ರ ನೋಟ ಕೊಡುತ್ತದೆ. ನಡೆಯುವುದಕ್ಕೆ ಎಪಿಎಸ್-ಸಿ ಕಡಿಮೆಯದು ಎಂದು ನನಗೆ ಯಾವತ್ತೂ ಅನಿಸಿಲ್ಲ.

ಕೊಡೆಗಿಂತ ದೊಡ್ಡ ವಿಷಯ ಬೂಷ್ಟು. ಇಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಶೇ 80 ದಾಟುವುದು ದಿನನಿತ್ಯದ ಸಂಗತಿ. ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಲೆನ್ಸಿಗೂ ಬೂಷ್ಟು. ಗಾಜಿನ ಮೇಲೆ ಸಣ್ಣ ಬೇರಿನಂತೆ ಎಳೆ ಬಿಟ್ಟುಕೊಂಡು ಹೋಗುವ ಫಂಗಸ್ ಮೊದಲಿಗೆ ಶಾರ್ಪ್‌ನೆಸ್ಸಿಗೆ ಏನೂ ಮಾಡುವುದಿಲ್ಲ. ಅದು ಕೆಡಿಸುವುದು ಕಾಂಟ್ರಾಸ್ಟನ್ನು: ಎದುರು ಬೆಳಕು ಬಿದ್ದ ಕೂಡಲೇ ಪ್ರತಿ ಎಳೆಯೂ ಬೆಳಕನ್ನು ಚದುರಿಸುತ್ತದೆ. ಹೆಚ್ಚು ಕಾಲ ಬಿಟ್ಟರೆ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಕತ್ತಲು, ತೇವ, ನಿಂತ ಗಾಳಿ ಮೂರೂ ಸೇರಿದಲ್ಲಿ ಅದು ಬೆಳೆಯುತ್ತದೆ. ನಮ್ಮ ಮನೆಗಳ ಕಪಾಟಿನಲ್ಲಿ ಜುಲೈಯಲ್ಲಿ ಮೂರೂ ಇರುತ್ತವೆ. ಭಾರವೆಂದು ಮನೆಯಲ್ಲಿ ಬಿಟ್ಟು ಹೋದ ಲೆನ್ಸು ಬೇರೆ ಊರುಗಳಲ್ಲಿ ಬರೀ ಬಿದ್ದಿರುತ್ತದೆ. ಇಲ್ಲಿ ಅದು ಕೆಡುತ್ತ ಹೋಗುತ್ತದೆ. ದಿನಾ ಹೆಗಲಿಗೆ ಬರುವ ಲೆನ್ಸಿಗೆ ಗಾಳಿ ಆಡುತ್ತದೆ, ಬೆಳಕು ಬೀಳುತ್ತದೆ, ನಾವು ಅದರ ಗಾಜನ್ನು ನೋಡುತ್ತಲೂ ಇರುತ್ತೇವೆ. ಲೆನ್ಸಿನ ಗಾತ್ರಕ್ಕೂ ಅದು ಕೊಡುವ ಚಿತ್ರದ ಗುಣಕ್ಕೂ ಕರಾವಳಿಯಲ್ಲಿ ಹೀಗೊಂದು ನೇರ ಸಂಬಂಧ ಉಂಟು; ಅದು ಲೆನ್ಸಿನ ಸ್ಪಷ್ಟತೆ ಅಳೆದು ತೋರಿಸುವ ಯಾವ ಎಂಟಿಎಫ್ ಚಾರ್ಟಿನಲ್ಲೂ ಬರುವುದಿಲ್ಲ. ದೊಡ್ಡ ಲೆನ್ಸ್ ಇಟ್ಟುಕೊಂಡವರು ಡ್ರೈ ಕ್ಯಾಬಿನೆಟ್ ಕೊಳ್ಳಲಿ, ತೇವ ಶೇ 40ರಿಂದ 50ರ ನಡುವೆ ಇಡಲಿ. ಅದು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್. ಜೆಲ್ ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿದರಾಯಿತು.

ಜನರ ವಿಷಯಕ್ಕೆ ಬಂದರೆ ಒಂದೇ ಮಾತು ಸಾಕು. ಮಲ್ಪೆಯಲ್ಲಿ ದೊಡ್ಡ ಝೂಮ್ ಹಿಡಿದು ನಿಂತಾಗ ಮೀನು ವಿಂಗಡಿಸುತ್ತಿದ್ದ ಅಮ್ಮ ಒಬ್ಬರು ಕೇಳಿದ್ದು, ನೀವು ಪೇಪರಿನವರಾ ಎಂದು. ಚಿಕ್ಕದು ಹಿಡಿದು ಹೋದಾಗ ಅದೇ ದಂಡೆಯಲ್ಲಿ ಕೇಳುವುದು, ನಿಮ್ಮ ಮನೆ ಎಲ್ಲಿ ಎಂದು. ಎರಡನೆಯ ಪ್ರಶ್ನೆಯ ನಂತರ ಸಿಗುವ ಮುಖಭಾವ ಮೊದಲನೆಯದರ ನಂತರ ಸಿಗುವುದಿಲ್ಲ, ಯಾವ ಲೆನ್ಸಿನಿಂದಲೂ.

ದೊಡ್ಡ ಲೆನ್ಸನ್ನು ನಾನು ಮನೆಯಲ್ಲಿ ಬಿಡದ ದಿನಗಳೂ ಉಂಟು, ಅದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಕೃಷ್ಣ ಜನ್ಮಾಷ್ಟಮಿಯ ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ, ಅಂದರೆ ಮೊಸರು ಕುಡಿಕೆಯ ಉತ್ಸವ. ನವರಾತ್ರಿಗೆ ಮಂಗಳೂರಿನಲ್ಲಿ ಮೈಗೆ ಹುಲಿಯ ಬಣ್ಣ ಬಳಿದು ಕುಣಿಯುವ ಹುಲಿವೇಷ. ತಾಸೆ ವಾದ್ಯದ ಪೆಟ್ಟಿಗೆ ಹುಲಿ ನೆಗೆಯುವಾಗ 1/500ಕ್ಕಿಂತ ಕಡಿಮೆ ಇಟ್ಟರೆ ಬಣ್ಣದ ಪಟ್ಟೆ ಒಂದಕ್ಕೊಂದು ಕಲಸಿ ಹೋಗುತ್ತದೆ. ಹಗಲಿನ ತಂಡಕ್ಕೆ ಚಿಕ್ಕ ಲೆನ್ಸೇ ಸಾಕು, ಸಂದಿಯಲ್ಲಿ ನುಗ್ಗಲಿಕ್ಕೂ ಅದೇ ಅನುಕೂಲ. ಕತ್ತಲಾದ ಮೇಲೆ ಮೆರವಣಿಗೆಯ ಟ್ಯೂಬ್‌ಲೈಟಿನಲ್ಲಿ ಕುಣಿಯುವ ಹುಲಿಗೆ ಎಫ್/1.4 ಮತ್ತು ಎಫ್/2.8ರ ನಡುವಿನ ಎರಡು ಸ್ಟಾಪ್ ಎಂದರೆ 1/500 ಮತ್ತು 1/125ರ ನಡುವಿನ ಅಂತರ. ಸೆನ್ಸಾರಿನ ಸೂಕ್ಷ್ಮತೆ, ಅಂದರೆ ಐಎಸ್ಒ, ಏರಿಸಿ ಸ್ವಲ್ಪ ಸಂಭಾಳಿಸಬಹುದು, ಈಗಿನ ಕ್ಯಾಮೆರಾಗಳಲ್ಲಿ 6400 ಹೆದರಿಕೆಯ ಸಂಖ್ಯೆಯಲ್ಲ. ಆದರೂ ಹಳದಿಯ ಮೇಲಿನ ಕಪ್ಪು ಪಟ್ಟೆಯ ಅಂಚು ನೆಟ್ಟಗೆ ಬರಬೇಕಾದರೆ ಆ ರಾತ್ರಿ ಅರ್ಧ ಕಿಲೋ ಹೊರುವುದು ಸರಿಯೇ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವಾಗ, ಬರುವ ಪರ್ಯಾಯದ ಮೆರವಣಿಗೆಯೂ ಹಾಗೆಯೇ, ನಡುರಾತ್ರಿ ಕಳೆದ ಮೇಲೆ ಜೋಡುಕಟ್ಟೆಯಿಂದ ಹೊರಟು ಬೆಳಗಾಗುವ ಮೊದಲೇ ಸಾಗುವಂಥದ್ದು. ಯಕ್ಷಗಾನ ಬಯಲಾಟಕ್ಕೆ ಬೇಕಾದ್ದು ಬೇರೆ. ಅಲ್ಲಿ ನಾವು ನಡೆಯುವುದಿಲ್ಲ, ಕೂತು ನೋಡುತ್ತೇವೆ. ಉದ್ದದ ಲೆನ್ಸು ತೊಡೆಯ ಮೇಲೆ ಇರಲಿ. ಭೂತಕೋಲದಲ್ಲಿ ಲೆನ್ಸಿನ ಮಾತಿಗಿಂತ ಮೊದಲು ಮನೆಯವರ ಅನುಮತಿ.

ಎಫ್/2.8ರಲ್ಲೇ ಹೆಚ್ಚು ತೆಗೆಯುವವರಿಗೆ ನನ್ನ ವಾದ ಪೂರ್ತಿ ಅನ್ವಯಿಸುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಎಫ್/1.4ರ ಲೆನ್ಸು ಎಫ್/2.8ಕ್ಕೆ ಬರುವಷ್ಟರಲ್ಲಿ ಎರಡು ಸ್ಟಾಪ್ ಇಳಿದಾಗಿದೆ, ಅದರ ಸ್ಫೆರಿಕಲ್ ದೋಷ ಎಂಟನೇ ಒಂದಕ್ಕೆ ಬಂದಾಗಿದೆ; ಎಫ್/2.8ರ ಲೆನ್ಸು ಅಲ್ಲಿ ಪೂರ್ತಿ ತೆರೆದು ನಿಂತಿರುತ್ತದೆ. ಆ ಒಂದು ಅಳತೆಯಲ್ಲಿ ಚಿಕ್ಕದು ಗೆಲ್ಲುವುದು ಕಷ್ಟ. ಇವೆರಡರ ನಡುವೆ 280 ಗ್ರಾಮಿನ ಎಫ್/1.8ರಂಥವು ಇರುವುದು ಇಂಥವರಿಗಾಗಿಯೇ. ನನ್ನನ್ನು ಕೇಳಿದರೆ, ಒಂದೇ ಲೆನ್ಸ್ ಕೊಳ್ಳುವ ಶಕ್ತಿ ಇದ್ದು ಹಬ್ಬದ ರಾತ್ರಿಗೂ ಅದೇ ಆಗಬೇಕು ಎಂದರೆ ಈ ನಡುವಿನದ್ದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಅಕ್ಕನ ಮಗನ ಮನಸ್ಸೂ ಈಗ ಆ ಕಡೆಗೆ ವಾಲಿದ ಹಾಗಿದೆ, ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಛತ್ರಿ, ಊಟದ ಡಬ್ಬಿಯ ಜೊತೆ ಅದು ಹಿಡಿಸುತ್ತದೆಯೋ ಎಂಬುದೊಂದನ್ನು ನೋಡಬೇಕಂತೆ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಅಂಗಡಿಯ ಒಳಗೆ ನಿಂತು ಬಿಸಿಲು ತುಂಬಿದ ಬಾಗಿಲು ಫ್ರೇಮಿನ ಒಂದು ಮೂಲೆಗೆ ಬರುವಂತೆ ಹಿಡಿಯಿರಿ, ನಡುವೆ ಕಪ್ಪಗಿನದೊಂದು ವಸ್ತು ಇರಲಿ, ಕೌಂಟರಿನ ಮೇಲಿನ ಕ್ಯಾಮೆರಾ ಬ್ಯಾಗಾದರೂ ಆದೀತು. ಒಂದು ತೆಗೆಯಿರಿ. ಬಾಗಿಲನ್ನು ಫ್ರೇಮಿನಿಂದ ಕೂದಲೆಳೆಯಷ್ಟು ಹೊರಗೆ ತಳ್ಳಿ ಅದೇ ಎಕ್ಸ್‌ಪೋಷರಿನಲ್ಲಿ ಇನ್ನೊಂದು. ಅನೇಕ ಲೆನ್ಸುಗಳು ಸೋಲುವುದು ಈ ಎರಡನೆಯದರಲ್ಲಿ. ಎರಡರಲ್ಲೂ ಬ್ಯಾಗಿನ ಕಪ್ಪು ಎಷ್ಟು ಕಪ್ಪಾಗಿ ಉಳಿದಿದೆ ಎಂದು ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಹಾಕಿ, ಮುಂದಿನಿಂದ ಇಣುಕಿ. ಧೂಳಿನ ಕಣ ಹತ್ತಿಪ್ಪತ್ತು ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಅದು ಬರುವುದಿಲ್ಲ. ಎಳೆ ಒಂದೇ ಒಂದು ಕಂಡರೂ, ಬೆಲೆ ಎಷ್ಟೇ ಇಳಿಸಿ ಹೇಳಿದರೂ, ವಾಪಸು ಕೊಟ್ಟು ಬನ್ನಿ.